ದೆವ್ವದ ಬಾಯಲ್ಲಿ ತೆಲುಗು

ದೆವ್ವದ ಸಿನಿಮಾ ಯಾವುದು ನೋಡಲಿ ಎಂದು ಕೇಳಿದವರಿಗೆ ನಾನು ಇಂದಿಗೂ ಹೇಳುವುದು ‘ಆಪ್ತಮಿತ್ರ’. 1993ರ ಮಲಯಾಳದ ‘ಮಣಿಚಿತ್ರತಾಳ್’ ಚಿತ್ರವನ್ನು ಪಿ. ವಾಸು 2004ರಲ್ಲಿ ಕನ್ನಡಕ್ಕೆ ತಂದರು. ಅದು ತೆರೆಗೆ ಬರುವ ಹೊತ್ತಿಗೆ ಸೌಂದರ್ಯಾ ಇರಲಿಲ್ಲ. ಆ ಸಂಗತಿಯನ್ನು ಬದಿಗಿಟ್ಟು ನೋಡುವುದು ನನಗಂತೂ ಆಗಿಲ್ಲ.

ಕನ್ನಡ ಮಾತಾಡುತ್ತಿದ್ದ ಆಕೆಯ ಗಂಗಾ ಒಮ್ಮೆಲೇ ತೆಲುಗಿಗೆ ಹೊರಳುವುದೇ ಅಲ್ಲಿನ ನಿಜವಾದ ಭಯ. ಗೆಜ್ಜೆ ಸಪ್ಪಳ, ಬೀಗ ಹಾಕಿದ ಕೋಣೆ ಎಲ್ಲ ಅದಕ್ಕೆ ಪೀಠಿಕೆ. ಮಲಯಾಳದಲ್ಲಿ ನಾಗವಲ್ಲಿ ತಮಿಳಿನವಳು, ಕನ್ನಡದಲ್ಲಿ ತೆಲುಗಿನವಳು. ಎರಡರಲ್ಲೂ ದೆವ್ವ ಪಕ್ಕದ ನಾಡಿನದು.

ಚಿಕ್ಕೋಡಿ ಕಡೆಯವಳಾದ ನನಗೆ ಇಲ್ಲೇ ತಕರಾರು. ನಿಪ್ಪಾಣಿಯ ಸಂತೆಯಲ್ಲಿ ಕನ್ನಡದಲ್ಲಿ ಹುಟ್ಟಿದ ವಾಕ್ಯ ಮರಾಠಿಯಲ್ಲಿ ಮುಗಿಯುತ್ತದೆ. ನಮ್ಮ ಅಜ್ಜಿ ಲೆಕ್ಕ ಹಾಕುವುದು ಮರಾಠಿಯಲ್ಲಿ, ಬೈಯುವುದು ಕನ್ನಡದಲ್ಲಿ. ‘ಹಂಗಾರ ನನಗೂ ದೆವ್ವ ಹಿಡದೈತೇನ?’ ಎಂದು ಟಿವಿ ಮುಂದೆ ಕೂತು ಕೇಳಿದಳು. ನಕ್ಕೆವು. ಆದರೆ ಪ್ರಶ್ನೆ ಸರಿಯಾಗಿಯೇ ಇತ್ತು: ಒಂದೇ ಮೈಯಲ್ಲಿ ಎರಡು ಭಾಷೆ ಇರುವುದನ್ನು ಚಿತ್ರ ರೋಗಲಕ್ಷಣವಾಗಿಸುತ್ತದೆ, ಡಾಕ್ಟರ್ ವಿಜಯ್ ಒಂದನ್ನು ಓಡಿಸಿ ಇನ್ನೊಂದನ್ನು ಉಳಿಸುತ್ತಾನೆ.

ಆದರೂ ‘ರಾ ರಾ’ ಶುರುವಾಯಿತೆಂದರೆ ತೆಲುಗಿನ ಒಂದಕ್ಷರ ಬಾರದ ಅಜ್ಜಿ ಹಾಡು ಮುಗಿಯುವವರೆಗೆ ಏಳುವುದಿಲ್ಲ.