ಅನುಮಂದ್ರದ ತಂತಿ

ನಾನು ಹೆಡ್‌ಫೋನುಗಳ ಬಗ್ಗೆ ಬರೆಯುತ್ತಿದ್ದೇನೆಂದು ಹೇಳಿದಾಗ ನಮ್ಮ ಸ್ಟಾಫ್ ರೂಮಿನಲ್ಲಿ ನಗುವೋ ನಗು. ತರಗತಿಯಲ್ಲಿ ಹುಡುಗರ ಕಿವಿಯಿಂದ ಅವನ್ನು ಕಿತ್ತು, ಬೀರುವಿನಲ್ಲಿಟ್ಟು, ತಂದೆತಾಯಿ ಬರುವವರೆಗೂ ಕೊಡುವುದಿಲ್ಲವೆಂದು ಹಟ ಹಿಡಿಯುವವಳು ನಾನೇ. ಕಿವಿ ಮುಚ್ಚಿಕೊಂಡವರಿಗೆ ಪಾಠ ಹೇಳುವುದಾದರೂ ಹೇಗೆ? ಆ ಹಟವನ್ನು ಇನ್ನೂ ಬಿಟ್ಟಿಲ್ಲ. ಆದರೆ ಕಿವಿಯನ್ನು ಮುಚ್ಚದ ಹೆಡ್‌ಫೋನು ಎಂಬುದೊಂದು ಇದೆಯೆಂದು ನನಗೆ ಗೊತ್ತಾದದ್ದು ಕಳೆದ ದಸರಾ ರಜೆಯಲ್ಲಿ.

ತಂಗಿಯ ಮಗ ಬೆಂಗಳೂರಿನಿಂದ ಬಂದಿದ್ದ. ಈಗಿನ ಹುಡುಗರು ದುಡಿದ ದುಡ್ಡನ್ನು ಯಾವುದಕ್ಕೆ ಸುರಿಯುತ್ತಾರೆಂದು ಹೇಳಲಾಗದು. ಇವನು ಹೆಡ್‌ಫೋನಿಗೆ ಸುರಿಯುತ್ತಾನೆ. ಚೀಲದಿಂದ ಮೂರನ್ನು ತೆಗೆದು ಊಟದ ಮೇಜಿನ ಮೇಲೆ ಸಾಲಾಗಿ ಜೋಡಿಸಿದ. ಫೋನಿನ ಶಕ್ತಿ ಇವಕ್ಕೆ ಸಾಲದಂತೆ, ಅದಕ್ಕೆಂದು ಅಂಗೈಯಗಲದ ಒಂದು ಆಂಪ್ಲಿಫೈಯರು ಬೇರೆ. "ದೊಡ್ಡಮ್ಮ, ನಮ್ಮ ಗೆಳೆಯರಲ್ಲಿ ಯಾವಾಗಲೂ ಇದೇ ಜಗಳ, ಇವುಗಳಲ್ಲಿ ಯಾವುದರ ಬಾಸ್ ಚೆನ್ನಾಗಿದೆ ಅಂತ. ನೀನು ಕೇಳಿ ಹೇಳು. ನಿನಗೆ ಯಾವ ಕಂಪನಿಯ ಹಂಗೂ ಇಲ್ಲ" ಎಂದ. ಹತ್ತು ದಿನಕ್ಕೆಂದು ಮೂರನ್ನೂ ಬಿಟ್ಟು ಹೋದ. ಉತ್ತರಪತ್ರಿಕೆ ತಿದ್ದಿ ಅಭ್ಯಾಸವಾದವಳಿಗೆ ಮೂರಕ್ಕೆ ಅಂಕ ಹಾಕುವುದೇನು ಮಹಾ ಎಂದುಕೊಂಡು ನಾನೂ ಒಪ್ಪಿದೆ.

ಬಾಸ್ ಎಂದರೆ ನಮ್ಮ ಮಾತಿನಲ್ಲಿ ಮಂದ್ರ. ತಂತಿಯೋ ಚರ್ಮವೋ ಸೆಕೆಂಡಿಗೆ ಇಪ್ಪತ್ತರಿಂದ ಇನ್ನೂರೈವತ್ತು ಸಲ ಕಂಪಿಸಿದರೆ ಹುಟ್ಟುವ ನಾದವನ್ನು ಸ್ಥೂಲವಾಗಿ ಬಾಸ್ ಎನ್ನುತ್ತಾರೆ. ಈ ಲೆಕ್ಕವನ್ನು ಹರ್ಟ್ಸ್‌ನಲ್ಲಿ ಹೇಳುವುದು ವಾಡಿಕೆ. ನಮ್ಮ ವೀಣೆಯನ್ನೇ ತೆಗೆದುಕೊಳ್ಳಿ. ಶ್ರುತಿಗೆ ತಕ್ಕಂತೆ ಸ್ವಲ್ಪ ಹೆಚ್ಚುಕಡಿಮೆಯಾದರೂ ಸಾರಣಿ ತಂತಿ ಸುಮಾರು 160 ಹರ್ಟ್ಸ್‌ನಲ್ಲಿ ನುಡಿಯುತ್ತದೆ. ಅದರ ಕೆಳಗೆ ಪಂಚಮ, ಅದರ ಕೆಳಗೆ ಮಂದ್ರ, ಎಲ್ಲಕ್ಕಿಂತ ಕೆಳಗೆ ಅನುಮಂದ್ರ. ಆ ಕೊನೆಯ ತಂತಿ ನುಡಿಯುವುದು ಸುಮಾರು 60 ಹರ್ಟ್ಸ್‌ನಲ್ಲಿ. ಎಳೆಯ ವಯಸ್ಸಿನಲ್ಲಿ ವೀಣೆ ಕಲಿತಿದ್ದ ನಮ್ಮಮ್ಮ, "ವೀಣೆಯ ಯೋಗ್ಯತೆ ಗೊತ್ತಾಗುವುದು ಅನುಮಂದ್ರದಲ್ಲಿ" ಎನ್ನುತ್ತಿದ್ದಳು. ಆದ್ದರಿಂದ ನನ್ನ ಪರೀಕ್ಷೆಯ ಮೊದಲ ಪ್ರಶ್ನೆ ಆ ತಂತಿಯೇ ಆಯಿತು.

ಸೋಜಿಗವೇನೆಂದರೆ, ನಾವು ಚಿಕ್ಕಂದಿನಲ್ಲಿ ಕೇಳುತ್ತಿದ್ದ ಟ್ರಾನ್ಸಿಸ್ಟರಿನ ಪುಟ್ಟ ಸ್ಪೀಕರಿಗೆ 60 ಹರ್ಟ್ಸ್ ನುಡಿಸುವ ತಾಕತ್ತೇ ಇರಲಿಲ್ಲ. ಆದರೂ ಆ ಸ್ವರ ಯಾವುದೆಂದು ನಮಗೆ ತಿಳಿಯುತ್ತಿತ್ತು. ಒಂದು ತಂತಿ ಮೀಟಿದರೆ ಮೂಲನಾದದ ಜೊತೆಗೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಕಂಪನದ ಉಪನಾದಗಳೂ ಏಳುತ್ತವೆ. ಅವನ್ನು ಕೇಳಿ ನಮ್ಮ ಮಿದುಳು ಇಲ್ಲದ ಮೂಲವನ್ನು ತಾನೇ ಊಹಿಸಿಕೊಳ್ಳುತ್ತದೆ. ಸೊಸೆಯ ಮಾತು ಕೇಳಿ ಅತ್ತೆಯ ಸ್ವಭಾವ ಊಹಿಸಿದ ಹಾಗೆ.

ಇನ್ನು ಈ ತೆರೆದ ಬೆನ್ನಿನ ಹೆಡ್‌ಫೋನು. ಸಾಮಾನ್ಯ ಹೆಡ್‌ಫೋನಿನ ಬಟ್ಟಲು ಹೊರಗಡೆಯಿಂದ ಮುಚ್ಚಿರುತ್ತದೆ. ಇದರಲ್ಲಿ ಆ ಕಡೆ ಬರೀ ಜಾಲರಿ. ಒಳಗಿನ ನಾದ ಹೊರಗೆ ಹೋಗುತ್ತದೆ, ಹೊರಗಿನ ಸದ್ದು ಒಳಗೆ ಬರುತ್ತದೆ. ಜರ್ಮನಿಯ ಹ್ಯಾನೋವರ್ ಹತ್ತಿರದ ಸೆನ್‌ಹೈಸರ್ ಕಂಪನಿ 1968ರಲ್ಲಿ ಎಚ್‌ಡಿ 414 ಎಂಬುದನ್ನು ಮಾರುಕಟ್ಟೆಗೆ ತಂದಾಗ ಈ ಬಗೆ ಜನರ ಕೈಗೆ ಬಂದಿತು. ಹಳದಿ ಸ್ಪಂಜಿನ ಮೆತ್ತೆ ಅದರ ಗುರುತು. ನಾದ ತಲೆಯೊಳಗೆ ಕೂಡಿಹಾಕಿದಂತಿರದೆ ಸುತ್ತಲಿನ ಗಾಳಿಯಲ್ಲಿ ಹರಡಿದಂತೆ ಕೇಳುವುದು ಇದರ ಸುಖ. ಆದರೆ ಒಂದು ಸುಖಕ್ಕೆ ಒಂದು ನಷ್ಟ ಇದ್ದೇ ಇದೆ. ಒಳಗಿನ ಪೊರೆ ಮುಂದಕ್ಕೆ ತಳ್ಳಿದ ಗಾಳಿಯೂ ಹಿಂದಕ್ಕೆ ತಳ್ಳಿದ ಗಾಳಿಯೂ ಸೇರಿಕೊಂಡು ಒಂದನ್ನೊಂದು ಅಳಿಸಿಹಾಕುತ್ತವೆ, ಅದೂ ಮಂದ್ರದಲ್ಲೇ ಹೆಚ್ಚು. ಘಟ ನುಡಿಸುವವರನ್ನು ನೋಡಿದ್ದೀರಲ್ಲ, ಘಟದ ಬಾಯಿಯನ್ನು ಹೊಟ್ಟೆಗೆ ಒತ್ತಿ ಸಡಿಲಿಸಿದ ಹಾಗೆಲ್ಲ ಗುಂಕಾರ ಬದಲಾಗುತ್ತದೆ. ಮುಚ್ಚುವುದಕ್ಕೂ ತೆರೆಯುವುದಕ್ಕೂ ಮಂದ್ರಕ್ಕೂ ಇರುವ ನಂಟು ನಮ್ಮವರಿಗೆ ಹೊಸದೇನಲ್ಲ.

ಮೊದಲ ದಿನವೇ ನಾನು ತಪ್ಪು ಮಾಡಿದೆ. ಮೂರನ್ನೂ ಹಾಕಿಕೊಂಡು ಕೇಳಿ, ಮೂರರಲ್ಲೂ ಮಂದ್ರ ಸೊರಗಿದೆ ಎಂದು ನೋಟ್‌ಬುಕ್ಕಿನಲ್ಲಿ ಬರೆದೂ ಬಿಟ್ಟೆ. ಮರುದಿನ ನೋಡಿದರೆ ಕನ್ನಡಕದ ಕಡ್ಡಿ ಮೆತ್ತೆಯನ್ನು ಎತ್ತಿ ಹಿಡಿದಿತ್ತು. ಜುಮುಕಿಯೂ ಅಡ್ಡ. ಆ ಸಂದಿನಿಂದ ಮಂದ್ರವೆಲ್ಲ ಸೋರಿಹೋಗಿತ್ತು. ಕನ್ನಡಕ ತೆಗೆದು, ಜುಮುಕಿ ಬಿಚ್ಚಿಟ್ಟು, ಕೂದಲು ಹಿಂದಕ್ಕೆ ಸರಿಸಿ ಕೂತಾಗ ಅದೇ ಹೆಡ್‌ಫೋನು ಬೇರೆ ಮಾತಾಡಿತು. ಅಂಗಡಿಯಲ್ಲಿ ನಿಂತು ಎರಡು ನಿಮಿಷ ಕೇಳಿ ಕೊಳ್ಳುವ ಹೆಂಗಸರು ಇದೊಂದನ್ನು ನೆನಪಿಡಬೇಕು.

ಮೊದಲನೆಯದು ಸೆನ್‌ಹೈಸರ್ ಎಚ್‌ಡಿ 600. 1997ರಲ್ಲಿ ಬಂದದ್ದು, ಇಂದಿಗೂ ತಜ್ಞರು ಅಳತೆಗೋಲಿನಂತೆ ಬಳಸುವಂಥದ್ದು. ಹೊಸದರಲ್ಲಿ ತಲೆಯನ್ನು ಬಿಗಿಯಾಗಿ ಹಿಡಿಯುತ್ತದೆ. ಮೈಸೂರಿನ ವೀಣೆ ದೊರೆಸ್ವಾಮಿ ಅಯ್ಯಂಗಾರ್ಯರ ಧ್ವನಿಮುದ್ರಿಕೆ ಹಾಕಿದೆ. ಸಾರಣಿ, ಪಂಚಮ ಎರಡೂ ಕಣ್ಣೆದುರಿಗೆ ಬಂದು ಕೂತಂತಾಯಿತು. ಗಮಕದ ಎಳೆತದಲ್ಲಿ ಬೆರಳು ತಂತಿಯನ್ನು ಎಲ್ಲಿಂದ ಎಲ್ಲಿಗೆ ಎಳೆಯಿತೆಂದು ಹೇಳಬಹುದು. ಆದರೆ ಅನುಮಂದ್ರಕ್ಕೆ ಬಂದಾಗ ಸ್ವರ ಇದೆ, ತೂಕ ಕಡಿಮೆ. ವೀಣೆಯ ಕೊಡಕ್ಕೆ ಬೆನ್ನು ಕೊಟ್ಟು ಕೂತರೆ ಮೈಗೆ ತಟ್ಟುವ ಕಂಪನ ಇಲ್ಲಿ ಅರ್ಧಕ್ಕೆ ನಿಂತಿತು. ಅರವತ್ತರಿಂದ ಕೆಳಗೆ ಇದು ನಯವಾಗಿ ಜಾರಿಕೊಳ್ಳುತ್ತದೆ. ಹೀಗಿದ್ದೂ ಗಂಗೂಬಾಯಿ ಹಾನಗಲ್ಲರ ಹಾಡು ಹಾಕಿದಾಗ ನಾನು ನೋಟ್‌ಬುಕ್ಕು ಮುಚ್ಚಿದೆ. ಹೆಣ್ಣು ದನಿ ಎಂದರೆ ಇಂಪಾಗಿ ತೆಳ್ಳಗಿರಬೇಕೆಂಬ ಎಣಿಕೆಯನ್ನು ಒಡೆದುಹಾಕಿದ ಆ ಗಂಭೀರ ಕಂಠ, ಅದರ ಗಡಸು, ಅದರ ಉಸಿರು, ಯಾವುದೂ ಹೆಚ್ಚಲ್ಲ, ಯಾವುದೂ ಕಡಿಮೆಯಲ್ಲ. ಕಂಠದ ವಿಷಯದಲ್ಲಿ ಇದಕ್ಕೆ ಪೂರ್ತಿ ಅಂಕ.

ಎರಡನೆಯದು ಜರ್ಮನಿಯದೇ ಬೇಯರ್‌ಡೈನಾಮಿಕ್ ಕಂಪನಿಯ ಡಿಟಿ 990 ಪ್ರೊ. ಡಿಟಿ 990 ಮಾದರಿ ಮೊದಲು ಬಂದದ್ದು 1985ರಲ್ಲಿ. ಬೂದುಬಣ್ಣದ ವೆಲ್ವೆಟ್ಟಿನ ಮೆತ್ತೆ, ಮಗುವಿನ ಕೈ ಇಟ್ಟಷ್ಟು ಹಿತ. ಇದರ ಬಾಸ್ ಧಾರಾಳ. ಮೃದಂಗದ ಎಡಗಡೆಗೆ ರವೆಯ ಕಣಕ ಹಚ್ಚಿ ತರುವ ಆ "ಧೋಂ" ಇದರಲ್ಲಿ ಎದ್ದು ಬರುತ್ತದೆ. ಆದರೆ ಕೆಳಗನ್ನೂ ಮೇಲನ್ನೂ ಎತ್ತಿ, ನಡುವನ್ನು ಹಿಂದಕ್ಕೆ ತಳ್ಳಿದ್ದಾರೆ. ಹಬ್ಬದ ಅಡಿಗೆಯಂತೆ ಖಾರವೂ ಮುಂದು, ಸಿಹಿಯೂ ಮುಂದು. ಅನ್ನ ಎಲ್ಲಿ ಎಂದು ಹುಡುಕಬೇಕು. ಗಂಗೂಬಾಯಿಯವರು ತಬಲದ ಹಿಂದೆ ಹೋಗಿ ಕೂತರು. "ಸ"ಕಾರ ಬಂದಾಗಲೆಲ್ಲ ಕಿವಿಗೆ ಚುಚ್ಚಿತು. ಹಳೆಯ ಟೇಪಿನ "ಸುಯ್" ಸದ್ದೂ ಜೋರಾಯಿತು. ಅರ್ಧ ಗಂಟೆಗೆ ತೆಗೆದಿಟ್ಟು ಮೂವತ್ತೈದಕ್ಕಿಂತ ಸ್ವಲ್ಪ ಮೇಲೆ ಹಾಕಿದೆ, ಪಾಸು ಮಾಡಿದಂತೆ.

ಮೂರನೆಯದು ಚೀನಾದ ಹೈಫೈಮ್ಯಾನ್ ಕಂಪನಿಯ ಸುಂದರ. ಹೆಸರು ಕೇಳಿ ನಮ್ಮವರದೇ ಇರಬೇಕೆಂದುಕೊಂಡೆ! 2018ರ ಸುಮಾರಿಗೆ ಬಂದದ್ದು. ಇದರ ಒಳಗು ಬೇರೆ. ಉಳಿದೆರಡರಲ್ಲಿ ಪುಟ್ಟ ಪೊರೆಯನ್ನು ಒಂದು ಸುರುಳಿ ತಳ್ಳುತ್ತದೆ. ಇದರಲ್ಲಿ ಅಗಲವಾದ ತೆಳು ಪೊರೆಯ ಮೇಲೆಯೇ ವಿದ್ಯುತ್ತಿನ ಗೆರೆಗಳನ್ನು ಹಾಸಿ ಅಯಸ್ಕಾಂತದ ಎದುರು ಹಿಡಿದಿದ್ದಾರೆ. ಹೀಗಾಗಿ ಪೊರೆಯೆಲ್ಲ ಒಟ್ಟಿಗೆ ಅಲುಗುತ್ತದೆ. ಮೆತ್ತೆ ಸರಿಯಾಗಿ ಕೂತರೆ ಬಾಸ್ ಬಹಳ ಕೆಳಗಿನವರೆಗೂ ಸಮವಾಗಿ ಇಳಿಯುತ್ತದೆ. ಅನುಮಂದ್ರ ಇಲ್ಲಿ ಪೂರ್ತಿ ಇತ್ತು. ಡಿಟಿ 990ರಷ್ಟು ದಪ್ಪವಲ್ಲ, ಆದರೆ ಒಂದು ಪೆಟ್ಟು ಇನ್ನೊಂದಕ್ಕೆ ಅಂಟುವುದಿಲ್ಲ. ತನಿ ಆವರ್ತನದಲ್ಲಿ ಎಡಗೈ ಪೆಟ್ಟುಗಳನ್ನು ಒಂದೊಂದಾಗಿ ಎಣಿಸಬಹುದು. ಕಂಠ ಮಾತ್ರ ಕೊಂಚ ಒಣಗಿದಂತೆ ಅನಿಸಿತು. ತೂಕ 372 ಗ್ರಾಂ. ಉಳಿದೆರಡು 250, 260ರ ಆಸುಪಾಸು. ದಿನವಿಡೀ ಕರಿಹಲಗೆಯತ್ತ ಕತ್ತೆತ್ತಿದ ಕೊರಳು ಆ ನೂರು ಗ್ರಾಮನ್ನು ಬಲ್ಲುದು.

ಹೀಗೆ ಎಚ್‌ಡಿ 600 ಮೊದಲು, ಸುಂದರ ಎರಡನೆಯದು, ಡಿಟಿ 990 ಕೊನೆ ಎಂದು ಫಲಿತಾಂಶ ಬರೆದಿಟ್ಟೆ. ಬಾಸ್ ಎಂದರೆ ಗಾತ್ರವಲ್ಲ, ತೂಕ. ಅದು ತನ್ನ ಜಾಗದಲ್ಲಿ ಇದ್ದರೆ ಸಾಕು ಎಂಬುದು ನನ್ನ ತೀರ್ಪು. ಅಮೆರಿಕದ ಹಾರ್ಮನ್ ಕಂಪನಿಯ ಶಾನ್ ಆಲಿವ್ ಮತ್ತು ಸಂಗಡಿಗರು ಕೇಳುಗರ ರುಚಿಯನ್ನು ವಿಂಗಡಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಡಿಮೆ ಬಾಸ್ ಬಯಸಿದ ಗುಂಪಿನಲ್ಲಿ ಹೆಂಗಸರು ಮತ್ತು ಐವತ್ತು ದಾಟಿದವರು ಹೆಚ್ಚಾಗಿ ಕಂಡರಂತೆ. ನಾನು ಎರಡೂ ಹೌದು. ನನ್ನ ತೀರ್ಪು ನನ್ನದೋ, ನನ್ನ ವಯಸ್ಸಿನದೋ ಎಂಬ ಅನುಮಾನ ಅಲ್ಲಿಗೇ ಶುರುವಾಯಿತು. ಅದನ್ನು ಪೂರ್ತಿ ಮಾಡಿದವಳು ಅಮ್ಮ.

ಅಮ್ಮನಿಗೆ ಈಗ ಎಂಬತ್ತನಾಲ್ಕು. ಐದಾರು ವರ್ಷದ ಹಿಂದೆ ಅವಳು ವೀಣೆ ಕೇಳುವುದನ್ನೇ ಬಿಟ್ಟಿದ್ದಳು. "ರೇಡಿಯೋ ಕೆಟ್ಟಿದೆ" ಎಂದಳು, ಹೊಸದು ತಂದೆವು. "ಇದೂ ಸರಿಯಿಲ್ಲ" ಎಂದಳು, ಇನ್ನೊಂದು ತಂದೆವು. ಆಮೇಲೆ "ಈಗಿನವರು ಮೀಟುವುದೇ ಇಲ್ಲ, ಬರೀ ಗುಂಯ್ ಅನ್ನಿಸುತ್ತಾರೆ" ಎಂದು ಸುಮ್ಮನಾದಳು. ಮುದುಕಿಯ ಹಟವೆಂದು ನಾವೂ ಸುಮ್ಮನಾದೆವು. ಕಿವಿಯ ಡಾಕ್ಟರು ಹೇಳಿದ್ದರೂ ಕಿವಿಗೆ ಮಿಷನ್ನು ಹಾಕಿಕೊಳ್ಳಲು ಒಪ್ಪಿರಲಿಲ್ಲ.

ಆ ಸಂಜೆ ಆಟಕ್ಕೆಂಬಂತೆ ಅವಳ ತಲೆಗೆ ನನ್ನ ಮೊದಲ ರ್‍ಯಾಂಕಿನ ಎಚ್‌ಡಿ 600 ಹಾಕಿದೆ. ಎರಡು ನಿಮಿಷ ಕೇಳಿ, "ಚೆನ್ನಾಗಿದೆ" ಎಂದು ತೆಗೆದು ಕೊಟ್ಟಳು. ನೆಂಟರ ಮನೆಯ ಕಾಫಿಯನ್ನು ಚೆನ್ನಾಗಿದೆ ಎನ್ನುವ ದನಿಯಲ್ಲಿ. ಸುಂದರ ಭಾರವೆಂದು ಮುಟ್ಟಲೇ ಇಲ್ಲ. ಕೊನೆಗೆ ಡಿಟಿ 990 ಹಾಕಿದೆ. ಅಮ್ಮ ಮಾತಾಡಲಿಲ್ಲ. ಸ್ವಲ್ಪ ಹೊತ್ತಿಗೆ ಅವಳ ಎಡಗೈ ಮಡಿಲಿನಿಂದ ಎದ್ದಿತು. ತೋರುಬೆರಳು, ಮಧ್ಯದ ಬೆರಳು ಗಾಳಿಯಲ್ಲಿ ಇಲ್ಲದ ಮೆಟ್ಟಿಲುಗಳನ್ನು ಒತ್ತತೊಡಗಿದವು.

"ಮೀಟು ಕೇಳಿಸ್ತಾ ಇದೆ ಕಣೇ" ಎಂದಳು.

ವಯಸ್ಸಾದಂತೆ ಮನುಷ್ಯನ ಕಿವಿ ಮೊದಲು ಕಳೆದುಕೊಳ್ಳುವುದು ತಾರದ ನಾದಗಳನ್ನು. ಉಗುರು ತಂತಿಗೆ ತಾಗುವ ಸದ್ದು, ವ್ಯಂಜನಗಳ ಮೊನೆ, ಹಕ್ಕಿಯ ಕೂಗು ಎಲ್ಲ ಅಲ್ಲಿಯವೇ. ನನ್ನ ಕಿವಿಗೆ ಚುಚ್ಚಿದ ಆ ಮೇಲಿನ ಸದ್ದು, ಅಮ್ಮನ ಕಿವಿಯಲ್ಲಿ ಬರಿದಾಗಿದ್ದ ಜಾಗಕ್ಕೆ ಹೋಗಿ ಕೂತಿತ್ತು. ನಾನು ಮೂವತ್ತೈದರ ಪಾಸು ಕೊಟ್ಟದ್ದು ಅವಳಿಗೆ ಐದು ವರ್ಷದ ವೀಣೆಯನ್ನು ತಿರುಗಿ ಕೊಟ್ಟಿತು.

ನನ್ನ ಪ್ರಶ್ನೆಯನ್ನು ಬಿಡಲಾರದೆ ಕೇಳಿದೆ: "ಮತ್ತೆ ಅನುಮಂದ್ರ? ಅದು ಹೇಗಿದೆ?"

"ಅದು ಯಾವತ್ತೂ ಕೇಳಿಸ್ತಿತ್ತು. ಮೀಟಿಲ್ಲದ ಮಂದ್ರ ಬರೀ ಗುಂಯ್ ಅಲ್ಲವೇನೇ?" ಎಂದಳು.

ಹತ್ತು ದಿನ ಮೂರು ಹೆಡ್‌ಫೋನು ಹಾಕಿ ತೆಗೆದು ನಾನು ಕಂಡುಕೊಳ್ಳದ್ದು ಅವಳ ಒಂದು ಮಾತಿನಲ್ಲಿ ಇತ್ತು. ಮಂದ್ರದ ಗುಣ ಮಂದ್ರದಲ್ಲಿ ಮಾತ್ರ ಇಲ್ಲ. ಪೆಟ್ಟು ಎಲ್ಲಿ ಬಿತ್ತು, ಹೇಗೆ ಬಿತ್ತು ಎಂಬುದನ್ನು ಹೇಳುವುದು ಅದರ ಮೇಲಿನ ಉಪನಾದಗಳು. ಅವು ಸರಿಯಾಗಿ ಕೇಳಿದರೇ ಕೆಳಗಿನ ತಂತಿಗೆ ಮುಖ ಬರುತ್ತದೆ. ಅವು ಎಷ್ಟು ಕೇಳುತ್ತವೆ ಎಂಬುದು ಹೆಡ್‌ಫೋನಿಗೆ ಎಷ್ಟು ಸೇರಿದ್ದೋ ಕೇಳುವ ಕಿವಿಗೂ ಅಷ್ಟೇ ಸೇರಿದ್ದು. ಬಾಸ್ ಯಾವುದರದು ಚೆನ್ನಾಗಿದೆ ಎಂದು ಕೇಳುವ ಹುಡುಗರು, ಯಾರ ಕಿವಿಗೆ ಎಂದೂ ಕೇಳಬೇಕು. ವಿಮರ್ಶೆ ಬರೆಯಲು ಕೂತ ನನ್ನಂಥವರು ಅದನ್ನು ಇನ್ನೂ ಮೊದಲು ಕೇಳಿಕೊಳ್ಳಬೇಕಿತ್ತು.

ಅಂಕಪಟ್ಟಿಯನ್ನು ನಾನು ತಿದ್ದಲಿಲ್ಲ. ನನ್ನ ಕಿವಿಗೆ ಇಂದಿಗೂ ಎಚ್‌ಡಿ 600 ಮೊದಲನೆಯದೇ. ಕೆಳಗೆ ಇನ್ನೊಂದು ಕಾಲಂ ಎಳೆದು "ಅಮ್ಮ" ಎಂದು ಬರೆದೆ, ಅಷ್ಟೆ. ಅದನ್ನು ಫೋನಿನಲ್ಲಿ ಓದಿ ಹೇಳಿದಾಗ ತಂಗಿಯ ಮಗ ಜಗಳ ಮುಗಿಯಲಿಲ್ಲವಲ್ಲ ಎಂದು ನಕ್ಕ. ಎರಡನ್ನು ತೆಗೆದುಕೊಂಡು ಹೋಗಿ ಡಿಟಿ 990 ಅಜ್ಜಿಗಿರಲಿ ಎಂದು ಬಿಟ್ಟ. ನಾದ ಮುಂದೆ ಬಂದಂತಾದ್ದರಿಂದಲೋ ಏನೋ, ಕಿವಿಯ ಮಿಷನ್ನು ಹೇಗಿರುತ್ತದೆ ನೋಡೋಣ ಎಂದು ಅಮ್ಮ ತಾನಾಗಿ ಹೇಳಿದಳು. ಬರುವ ತಿಂಗಳು ಡಾಕ್ಟರ ಬಳಿ ಹೋಗಬೇಕು.

ಈಗ ಸಂಜೆ ಐದಕ್ಕೆ ನಾನು ಅಡಿಗೆಮನೆಯಲ್ಲಿದ್ದರೆ, ನಡುಮನೆಯಿಂದ ಜಾಲರಿಯ ಮೂಲಕ ಸೋರಿದ ವೀಣೆ ಸಣ್ಣಗೆ ಕೇಳುತ್ತದೆ. ಅದರಲ್ಲಿ ಬಾಸ್ ಎಂಬುದು ಕಾಸಿನಷ್ಟೂ ಇಲ್ಲ. "ಅಮ್ಮಾ, ಕಾಫಿ ಆಯ್ತು" ಎಂದು ಸ್ವಲ್ಪ ಗಟ್ಟಿಯಾಗಿ ಕೂಗಿದರೆ ಹೆಡ್‌ಫೋನು ತೆಗೆಯದೆಯೇ "ಇರು, ತಾನ ಮುಗೀಲಿ" ಎನ್ನುತ್ತಾಳೆ.