ಕೊನೆಯಿಂದ ಓದಿದ ಬಾಳು

ಆರ್ಪಾದ್ ವೈಸ್‌ನ ಹೆಸರನ್ನು ಕೇಳಿದವರು ನಮ್ಮ ಓದುಗರಲ್ಲಿ ಹೆಚ್ಚು ಮಂದಿ ಇರಲಾರರು. ಅವನು ಕೀರ್ತಿ ಗಳಿಸಿದ ಇಟಲಿಯಲ್ಲಿಯೂ ಬಹುಕಾಲ ಹಾಗೆಯೇ ಇತ್ತು. 2007ರಲ್ಲಿ ಪತ್ರಕರ್ತ ಮತ್ತೆಯೊ ಮರಾನಿಯವರು ಬರೆದ ಜೀವನಚರಿತ್ರೆ ಅವನನ್ನು ಮರೆವಿನಿಂದ ಎತ್ತಿ ತಂದಿತು. ಗ್ರಂಥದ ಹೆಸರನ್ನು ಕನ್ನಡಿಸಿದರೆ ‘ಸ್ಕುದೆತ್ತೊದಿಂದ ಆಷ್‌ವಿಟ್ಸ್‌ಗೆ’ ಎಂದಾಗುತ್ತದೆ. ಸ್ಕುದೆತ್ತೊ ಎಂದರೆ ಇಟಲಿಯ ಲೀಗನ್ನು ಗೆದ್ದ ತಂಡದವರು ಅಂಗಿಯ ಮೇಲೆ ಧರಿಸುವ ಪುಟ್ಟ ಗುರಾಣಿಯ ಲಾಂಛನ. ಆಷ್‌ವಿಟ್ಸ್ ಏನೆಂದು ಹೇಳಬೇಕಾಗಿಲ್ಲ. ಗ್ರಂಥಕರ್ತರ ಶ್ರಮಕ್ಕೆ ತಲೆಬಾಗುತ್ತೇನೆ. ನನ್ನ ತಕರಾರು ಈ ಹೆಸರಿನೊಡನೆ.

ಮೊದಲು ಬಾಳಿನ ಸಂಗತಿ. ವೈಸ್ 1896ರಲ್ಲಿ ಹಂಗೆರಿಯ ಶೋಲ್ತ್ ಎಂಬ ಊರಿನಲ್ಲಿ ಹುಟ್ಟಿದ ಯೆಹೂದಿ. 1924ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಹೋದ ಹಂಗೆರಿಯ ತಂಡದಲ್ಲಿದ್ದ. ಆಟಗಾರನಾಗಿ ಅಂಥ ದೊಡ್ಡ ಹೆಸರೇನೂ ಬರಲಿಲ್ಲ. ತರಬೇತುಗಾರನಾದ ಮೇಲೆ ಕಥೆಯೇ ಬೇರೆಯಾಯಿತು. ಹದಿನೇಳರ ಹುಡುಗ ಜುಸೆಪ್ಪೆ ಮೆಯಾಟ್ಸನನ್ನು ಮಿಲಾನಿನ ಇಂಟರ್ ತಂಡಕ್ಕೆ ಇಳಿಸಿದವನು ಇವನೇ. 1930ರಲ್ಲಿ, ತನ್ನ 34ನೆಯ ವಯಸ್ಸಿನಲ್ಲಿ, ಅದೇ ತಂಡಕ್ಕೆ ಲೀಗನ್ನು ಗೆದ್ದುಕೊಟ್ಟ. ಅದೇ ವರ್ಷ ಆಲ್ದೊ ಮೊಲಿನಾರಿಯೊಡನೆ ಕಾಲ್ಚೆಂಡಾಟದ ಕಲೆಯನ್ನು ಕುರಿತು ಒಂದು ಗ್ರಂಥವನ್ನೂ ಬರೆದ. ಅದಕ್ಕೆ ಮುನ್ನುಡಿ ವಿಟ್ಟೋರಿಯೊ ಪೋಟ್ಸೊನದು. ಮುಂದೆ 1936 ಮತ್ತು 1937ರಲ್ಲಿ ಬೊಲೊನ್ಯಾ ತಂಡಕ್ಕೆ ಎರಡು ಸ್ಕುದೆತ್ತೊ ಬಂದವು. 1937ರಲ್ಲಿ ಪ್ಯಾರಿಸಿನ ಪಂದ್ಯಾವಳಿಯ ಕೊನೆಯ ಆಟದಲ್ಲಿ ಇಂಗ್ಲೆಂಡಿನ ಚೆಲ್ಸಿಯನ್ನು ಬೊಲೊನ್ಯಾ 4-1ರಿಂದ ಸೋಲಿಸಿತು.

1938ರ ಸೆಪ್ಟೆಂಬರಿನಲ್ಲಿ ಮುಸೊಲಿನಿಯ ಸರಕಾರ ಜನಾಂಗ ಕಾನೂನುಗಳನ್ನು ಹೊರಡಿಸಿತು. ಯೆಹೂದಿ ಮಕ್ಕಳಿಗೆ ಶಾಲೆಯ ಬಾಗಿಲು ಮುಚ್ಚಿತು. 1919ರಿಂದೀಚೆಗೆ ಬಂದು ನೆಲೆಸಿದ ಪರದೇಶದ ಯೆಹೂದಿಗಳು ಆರು ತಿಂಗಳೊಳಗೆ ದೇಶ ಬಿಡಬೇಕಾಯಿತು. 1939ರ ಜನವರಿಯಲ್ಲಿ ವೈಸ್ ಹೆಂಡತಿ ಎಲೆನಾ, ಮಕ್ಕಳಾದ ರೊಬೆರ್ತೊ, ಕ್ಲಾರಾರೊಡನೆ ಪ್ಯಾರಿಸಿಗೆ ಹೊರಟ. ಅವನು ಆರಂಭಿಸಿಕೊಟ್ಟ ಋತುವಿನ ಲೀಗನ್ನು ಬೊಲೊನ್ಯಾ ಅವನಿಲ್ಲದೆಯೇ ಗೆದ್ದಿತು.

ಇನ್ನು ಹೆಸರಿನ ಮಾತು. ‘ಇಲ್ಲಿಂದ ಅಲ್ಲಿಗೆ’ ಎಂದೊಡನೆ ನಡುವಿನದೆಲ್ಲ ಬರಿಯ ದಾರಿಯಾಗಿಬಿಡುತ್ತದೆ. ಈ ಬಾಳಿನ ನಡುವೆ ಹಾಲೆಂಡಿನ ಡೋರ್ಡ್‌ರೆಕ್ಟ್ ಎಂಬ ಸಣ್ಣ ಪಟ್ಟಣವಿದೆ. ಇಟಲಿಯ ಲೀಗನ್ನು ಮೂರು ಸಲ ಗೆದ್ದವನು ಅಲ್ಲಿ ಹವ್ಯಾಸಿಗಳ ತಂಡವೊಂದನ್ನು ಕೈಗೆತ್ತಿಕೊಂಡ. ಆ ದೇಶದಲ್ಲಿ ಆಗ ಸಂಬಳದ ಆಟವೇ ಇರಲಿಲ್ಲ. ಕೆಳದರ್ಜೆಗೆ ಜಾರಲಿದ್ದ ತಂಡವನ್ನು ಆ ವರ್ಷ ಉಳಿಸಿದ. ಮುಂದಿನ ಋತುವಿನಲ್ಲಿ ಐದನೆಯ ಸ್ಥಾನಕ್ಕೆ ತಂದ. ಅದೇ ತಂಡ ಫೆಯೆನೂರ್ಡಿನಂಥ ಹೆಸರಾಂತ ತಂಡವನ್ನೂ ಸೋಲಿಸಿತು. ದೇಶ, ಭಾಷೆ, ಉದ್ಯೋಗ ಎಲ್ಲವನ್ನೂ ಕಳೆದುಕೊಂಡವನು, 1940ರ ಮೇ ತಿಂಗಳಲ್ಲಿ ಜರ್ಮನರು ಬಂದ ಮೇಲೆಯೂ, ಚೆಂಡನ್ನು ಹೇಗೆ ಸಾಗಿಸಬೇಕೆಂದು ಊರ ಹುಡುಗರಿಗೆ ಹೇಳಿಕೊಡುತ್ತಿದ್ದ. ನನ್ನ ದೃಷ್ಟಿಯಲ್ಲಿ ಇದು ಆ ಮೂರು ಸ್ಕುದೆತ್ತೊಗಳಿಗಿಂತ ದೊಡ್ಡದು. ಗ್ರಂಥದ ಹೆಸರಿನಲ್ಲಿ ಇದಕ್ಕೆ ಸ್ಥಳವಿಲ್ಲ.

ನಮ್ಮ ಹಳೆಯ ಆರಾಧನಾ ಕಥೆಗಳೂ ಮರಣದ ಕಡೆಗೇ ಸಾಗುತ್ತವೆ, ನಿಜ. ಆದರೆ ಅಲ್ಲಿ ಮರಣ ನಾಯಕನೇ ಸಾಧಿಸಿ ಪಡೆದದ್ದು. ವೈಸ್‌ನ ಮರಣವನ್ನು ಬರೆದವರು ಬೇರೆಯವರು. ಬಾಳನ್ನು ಆ ಕೊನೆಯಿಂದ ಅಳೆದರೆ ಕೊಂದವರ ಕೈಗೇ ಲೇಖನಿ ಕೊಟ್ಟಂತಾಗದೆ?

ಮರಾನಿಯವರ ಪರವಾಗಿಯೂ ಹೇಳುವುದಿದೆ. ಮೂರು ಗೆಲುವುಗಳು ದಾಖಲೆಯ ಪುಸ್ತಕಗಳಲ್ಲಿ ಭದ್ರವಾಗಿಯೇ ಇದ್ದವು. ಗೆದ್ದುಕೊಟ್ಟವನು ಏನಾದನೆಂದು ಮಾತ್ರ ಯಾರೂ ಕೇಳಲಿಲ್ಲ. ಊರು ದೂರವಿಟ್ಟಿದ್ದ ಎರಡು ಮಾತುಗಳನ್ನು ಅವರು ಒಂದೇ ಸಾಲಿನಲ್ಲಿ ಕೂರಿಸಿದರು. ಎರಡು ವರ್ಷದಲ್ಲಿ ಬೊಲೊನ್ಯಾದ ಕ್ರೀಡಾಂಗಣದಲ್ಲಿ ವೈಸ್‌ನ ಹೆಸರಿನ ಫಲಕ ಬಂತು. ಅಷ್ಟು ಕೆಲಸ ಮಾಡಿದ ಹೆಸರನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ.

ಆದರೂ ನನ್ನ ಅಸಮಾಧಾನ ಹೋಗದಿರುವುದಕ್ಕೆ ಇನ್ನೊಂದು ಗ್ರಂಥ ಕಾರಣ. ಬೇಲಾ ಗುಟ್‌ಮನ್ನನೂ ಹಂಗೆರಿಯ ಯೆಹೂದಿ, ಆಟಗಾರ, ತರಬೇತುಗಾರ. ಡೇವಿಡ್ ಬೋಲ್ಚೋವರ್ ಅವರು 2017ರಲ್ಲಿ ಬರೆದ ಅವನ ಚರಿತ್ರೆಯ ಉಪಶೀರ್ಷಿಕೆ ‘ನರಮೇಧದಿಂದ ಕಾಲ್ಚೆಂಡಿನ ವೈಭವಕ್ಕೆ’. ಅದೇ ವಾಕ್ಯ, ತಲೆಕೆಳಗಾಗಿ! ಗುಟ್‌ಮನ್ ಅಟ್ಟದ ಮೇಲೆ ಅಡಗಿದ್ದ. ಬಲವಂತದ ದುಡಿಮೆಯ ಶಿಬಿರದಿಂದ 1944ರಲ್ಲಿ ತಪ್ಪಿಸಿಕೊಂಡ. 1961, 1962ರಲ್ಲಿ ಬೆನ್ಫಿಕಾಕ್ಕೆ ಯೂರೋಪಿನ ಕಪ್ ಗೆದ್ದುಕೊಟ್ಟ. ಬೋಲ್ಚೋವರ್ ಅವರು ಆ ಅಟ್ಟದ ಸುಳಿವು ಹಿಡಿದದ್ದು ದೊಡ್ಡ ಸಂಶೋಧನೆಯೇ. ಆದರೆ ಉಳಿದವನ ಬಾಳನ್ನು ಗೆಲುವೆಂದರೆ, ಉಳಿಯದವನದು ಏನಾಯಿತು? ಗುಟ್‌ಮನ್ನನನ್ನು ಉಳಿಸಿದ್ದು ಅಡಗಿಸಿದವರ ಧೈರ್ಯ ಮತ್ತು ಅದೃಷ್ಟ, ಆಟದ ಜಾಣ್ಮೆಯಲ್ಲ. ಆ ಜಾಣ್ಮೆ ವೈಸ್‌ನಲ್ಲಿ ಕಡಿಮೆಯೇನೂ ಇರಲಿಲ್ಲ.

1941ರ ಸೆಪ್ಟೆಂಬರಿನಲ್ಲಿ ಹಾಲೆಂಡಿನ ಯೆಹೂದಿಗಳಿಗೆ ಕ್ರೀಡೆ ನಿಷಿದ್ಧವಾಯಿತು. 1942ರ ಆಗಸ್ಟಿನಲ್ಲಿ ಆ ಸಂಸಾರವನ್ನು ಹಿಡಿದು ವೆಸ್ಟರ್‌ಬೋರ್ಕ್ ಶಿಬಿರಕ್ಕೆ ಒಯ್ದರು. ಅಕ್ಟೋಬರಿನಲ್ಲಿ ರೈಲು ಪೂರ್ವಕ್ಕೆ ಹೊರಟಿತು. ಎಲೆನಾ ಮತ್ತು ಮಕ್ಕಳನ್ನು ಆಷ್‌ವಿಟ್ಸ್‌ನಲ್ಲಿ ತಲಪಿದೊಡನೆ ಕೊಂದರು. ರೊಬೆರ್ತೊನಿಗೆ ಹನ್ನೆರಡು, ಕ್ಲಾರಾಳಿಗೆ ಎಂಟು. ದುಡಿಮೆಗೆಂದು ಆರಿಸಲ್ಪಟ್ಟ ವೈಸ್ 1944ರ ಜನವರಿ 31ರಂದು ತೀರಿಕೊಂಡ.

ಇವನ ಚರಿತ್ರೆಯನ್ನು ಕನ್ನಡಕ್ಕೆ ತರುವವರು ಯಾರಾದರೂ ಇದ್ದರೆ ನನ್ನದೊಂದು ಬಿನ್ನಹ: ರೈಲಿನಿಂದ ಆರಂಭಿಸಬೇಡಿ. 1930ರಲ್ಲಿ ಅವನು ಬರೆದ ಆ ಆಟದ ಪುಸ್ತಕದಿಂದ ಆರಂಭಿಸಿ, ಡೋರ್ಡ್‌ರೆಕ್ಟಿಗೆ ಒಂದು ದೊಡ್ಡ ಅಧ್ಯಾಯವನ್ನೇ ಕೊಡಿ.