ಗೋಡೆ ಕಟ್ಟಿದವನ ಪಾಲು

ಸತ್ಯಜಿತ್ ರಾಯ್ ಚಿತ್ರಗಳ ‘ಸಹಜತೆ’ಯನ್ನು ಕೊಂಡಾಡುವವರು ಕಲಾ ನಿರ್ದೇಶಕ ಬನ್ಸಿ ಚಂದ್ರಗುಪ್ತರನ್ನು ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ಕಾಶ್ಮೀರದಿಂದ ಕಲ್ಕತ್ತೆಗೆ ಬಂದ ಚಿತ್ರಕಾರ, ಫ್ರೆಂಚ್ ನಿರ್ದೇಶಕ ರೆನ್ವಾನ ‘ದಿ ರಿವರ್’ನಲ್ಲಿ ಯೂಜೀನ್ ಲೂರಿಯೆ ಕೈಕೆಳಗೆ ಪಳಗಿದವರು: ಇಷ್ಟು ಎಲ್ಲರಿಗೂ ಗೊತ್ತು.

‘ಅಪರಾಜಿತೋ’ (1956) ಚಿತ್ರದ ಘಾಟುಗಳು ನಿಜವಾದ ಕಾಶಿಯವು. ಹರಿಹರನ ಸಂಸಾರ ಬಾಡಿಗೆಗಿರುವ ಅಂಗಳದ ಮನೆ ಮಾತ್ರ ಕಲ್ಕತ್ತೆಯ ಸ್ಟುಡಿಯೋದ್ದು. ಬಯಲಲ್ಲೇ ಕಟ್ಟುವ ಯೋಚನೆಯಿತ್ತು. ಮಳೆಗಾಲದ ಭಯಕ್ಕೆ ಚಂದ್ರಗುಪ್ತ ಅದನ್ನು ಒಳಗೆ ತಂದರು. ಆಕಾಶದ ನೆರಳಿಲ್ಲದ ಬೆಳಕು ಒಳಗೆ ಸಾಧ್ಯವೇ ಇಲ್ಲ ಎಂದು ಛಾಯಾಗ್ರಾಹಕ ಸುಬ್ರತ ಮಿತ್ರ ವಾದಿಸಿ ಸೋತರು. ಆಮೇಲೆ ಅಂಗಳದ ಮೇಲೆ ಬಿಳಿ ಬಟ್ಟೆ ಬಿಗಿದು, ಕೆಳಗಿನಿಂದ ಅದಕ್ಕೆ ದೀಪ ಹಾಯಿಸಿ, ಪುಟಿದು ಬಂದ ಬೆಳಕಿನಲ್ಲಿ ಚಿತ್ರೀಕರಿಸಿದರು. ಈ ವಿಧಾನದಲ್ಲಿ ಮಿತ್ರ ಮೊದಲೋ, ಬರ್ಗ್‌ಮನ್‌ನ ಛಾಯಾಗ್ರಾಹಕ ಸ್ವೆನ್ ನಿಕ್ವಿಸ್ಟ್ ಮೊದಲೋ ಎಂಬ ತಗಾದೆ ಇನ್ನೂ ನಿಂತಿಲ್ಲ. ಬೇಸರದ ಜಗಳ. ಇಬ್ಬರ ಪರ ವಕಾಲತ್ತು ವಹಿಸುವವರೂ ಮರೆಯುವುದೊಂದೇ: ಹಟ ಹಿಡಿದ ಸೆಟ್ ಇಲ್ಲದಿದ್ದರೆ ಆ ಬಟ್ಟೆಯೂ ಇರುತ್ತಿರಲಿಲ್ಲ. ಮೇಲಾಗಿ ಕಡು ನೆರಳಿದ್ದರೆ ಸುಳ್ಳು ಗೋಡೆಯ ಹುಳುಕು ಕತ್ತಲಲ್ಲಿ ಅಡಗುತ್ತದೆ. ಇಲ್ಲಿ ಅಡಗಲು ಜಾಗವೇ ಇಲ್ಲ. ಕಲೆ ಹಿಡಿದ ಗಾರೆ, ಸವೆದ ಅಂಚು ಎಲ್ಲವೂ ಸಮ ಬೆಳಕಿನಲ್ಲಿ ಪರೀಕ್ಷೆಗೆ ನಿಂತಿವೆ, ಒಂದೂ ಸೋಲುವುದಿಲ್ಲ.

ಆ ಮನೆಯ ವಿನ್ಯಾಸವೂ ಕಥೆ ಹೇಳುತ್ತದೆ. ಕೆಳಗೆ ಹರಿಹರನ ಹೆಂಡತಿ ಸರ್ಬಜಯಾಳ ಅಡುಗೆ, ಮೇಲೆ ನಂದಬಾಬುವಿನ ವಾಸ. ಗಂಡ ಹಾಸಿಗೆ ಹಿಡಿದಾಗ ನಂದಬಾಬು ಹೊಂಚಿ ಬರುತ್ತಾನೆ, ಆಕೆ ಈಳಿಗೆ ಎತ್ತುತ್ತಾಳೆ. ಎಲ್ಲರ ಕಣ್ಣೂ ಬೀಳುವ ಆ ಅಂಗಳದಲ್ಲಿ ಹೆಂಗಸಿಗೆ ಮರೆಯೆಂಬುದಿಲ್ಲ ಎಂದು ನಾವು ಅಷ್ಟು ಹೊತ್ತಿಗೆ ನೋಡಿ ಅರಿತಿರುತ್ತೇವೆ. ಸಂಭಾಷಣೆ ಅದನ್ನು ವಿವರಿಸಬೇಕಿಲ್ಲ.

ಚಂದ್ರಗುಪ್ತರ ಕೆಲಸವೆಲ್ಲವೂ ಇದೇ ಮಟ್ಟದ್ದಲ್ಲ ಎನ್ನಿ. ‘ಶತರಂಜ್ ಕೆ ಖಿಲಾಡಿ’ಯ (1977) ನವಾಬಿ ವೈಭವದಲ್ಲಿ ನನಗೆ ವಸ್ತುಸಂಗ್ರಹಾಲಯದ ವಾಸನೆ ಬಡಿಯುತ್ತದೆ. ಆದರೆ ‘ನಾಯಕ್’ (1966) ಕುರಿತು ಉತ್ತಮ್ ಕುಮಾರ್ ಅಭಿನಯವನ್ನಷ್ಟೇ ಹೊಗಳುವವರಿಗೆ ಒಂದು ಪ್ರಶ್ನೆ. ಕಥೆ ನಡೆಯುವ ರೈಲಿನ ಡಬ್ಬಿಗಳೂ ಸ್ಟುಡಿಯೋದಲ್ಲಿ ಚಂದ್ರಗುಪ್ತ ಕಟ್ಟಿದವು. ಊಟದ ಡಬ್ಬಿಯ ಆ ಪುಟ್ಟ ಮೇಜು, ಎದ್ದು ಹೋಗಲು ಬಿಡದ ಆ ಇಕ್ಕಟ್ಟು ಇಲ್ಲದಿದ್ದರೆ ಪತ್ರಕರ್ತೆಯ ಪಾತ್ರದ ಶರ್ಮಿಳಾ ಟಾಗೋರ್, ಉತ್ತಮ್ ಆಡುವ ಸಿನಿಮಾ ತಾರೆಯ ಬಾಯಿ ಬಿಡಿಸುವುದಾದರೂ ಹೇಗಿತ್ತು?